ಹುಳದ ಮನೆಯ ಪ್ಲೇಟು

ಗೋಪಾಲಮ್ಮನ ಮದುವೆಯಾದದ್ದು ಎಪ್ಪತ್ತೆಂಟನೇ ಇಸವಿ. ಆ ವರ್ಷ ಆಷಾಢ ಹುಟ್ಟುವ ಮುಂಚೆಯೇ ಅವಳ ಅಪ್ಪ ದೊಡ್ಡಮುನಿಯಪ್ಪ ಯಶವಂತಪುರಕ್ಕೆ ಬಂದು ಮಗಳನ್ನು ಶೆಟ್ಟಿಹಳ್ಳಿಗೆ ಕರೆದುಕೊಂಡು ಹೋದ. ಹೊಸದಾಗಿ ಮದುವೆಯಾದ ಹೆಣ್ಣು ಮೊದಲನೇ ಆಷಾಢಕ್ಕೆ ತವರಲ್ಲಿರಬೇಕು, ಗಂಡನ ಮುಖ ನೋಡಬಾರದು, ಅಳಿಯನಾದವನು ಅತ್ತೆ ಮನೆಯ ಹೊಸಿಲು ದಾಟಬಾರದು. ಎಲ್ಲರ ಮನೆಯಲ್ಲೂ ನಡೆಯುವುದೇ, ಅದರಲ್ಲಿ ಹೊಸದೇನಿಲ್ಲ. ಆದರೆ ಗೋಪಾಲಮ್ಮ ತವರಿಗೆ ಬರುವಾಗ ಟ್ರಂಕಿನ ಜೊತೆ ಒಂದು ಮಾತನ್ನೂ ಹೊತ್ತುಕೊಂಡು ಬಂದಿದ್ದಳು.

ಹೊರಡುವ ಹಿಂದಿನ ದಿನ ಗಂಡನ ಮನೆ ವಠಾರದ ನಲ್ಲಿಯ ಹತ್ತಿರ ಆ ಮಾತು ಬಂತು. ಪಕ್ಕದ ಮನೆಯ ಪಂಕಜಮ್ಮ, ಗುಮಾಸ್ತರ ಹೆಂಡತಿ, ಬಿಂದಿಗೆ ತುಂಬುವವರೆಗೂ ಇವಳನ್ನೇ ನೋಡುತ್ತಾ ನಿಂತಿದ್ದವರು, "ಲಕ್ಕಿ ಕೈಲಿ ಗಿಟಾರ್ ಬಿಡಿಸ್ತಾ ಇರೋಳು ನೀನೇ ಏನಮ್ಮಾ? ನೋಡಿದ್ರೆ ಹಂಗೆ ಕಾಣಲ್ಲ" ಅಂದುಬಿಟ್ಟರು. ಗೋಪಾಲಮ್ಮ ಬಿಂದಿಗೆ ಎತ್ತಿಕೊಂಡು ಒಳಗೆ ಬಂದಳು. ತಾನು ಯಾವ ಗಿಟಾರನ್ನು ಯಾವಾಗ ಬಿಡಿಸಿದೆ ಅನ್ನುವುದು ಅವಳಿಗೇ ಗೊತ್ತಿರಲಿಲ್ಲ.

ಲಕ್ಕಿ ಅಂದರೆ ಅವಳ ಗಂಡ ಲಕ್ಕಣ್ಣ. ಯಶವಂತಪುರದಲ್ಲಿ ಅವನ ಅಪ್ಪನದು ಸೌದೆ ಡಿಪೋ. ಹಗಲು ಡಿಪೋದಲ್ಲಿ ಸೌದೆ ತೂಗಿಸುವುದು, ಸಂಜೆಯಾದರೆ ದಪ್ಪ ತಂತಿಯ ಗಿಟಾರು ಹೆಗಲಿಗೆ ಹಾಕಿಕೊಂಡು ಹೋಗುವುದು, ಇದು ಅವನ ಬಾಳು. ಅವರದು ಮೂವರ ಬ್ಯಾಂಡು. ಆರ್.ಟಿ. ನಗರದ ತ್ರಿವಿಕ್ರಮ ಅದರ ಯಜಮಾನ, ಹಾಡು ಕಟ್ಟುವವನೂ ಹಾಡುವವನೂ ಇನ್ನೊಂದು ಗಿಟಾರು ಬಾರಿಸುವವನೂ ಅವನೇ, ಹಗಲು ಯಾವುದೋ ಆಫೀಸಿನಲ್ಲಿ ಕೆಲಸ. ಡ್ರಮ್ಮು ಬಡಿಯುವವನು ಸೇತುರಾಮ. ಕಾಲೇಜುಗಳಲ್ಲಿ, ಕ್ಲಬ್ಬುಗಳಲ್ಲಿ ಇವರು ಬಾರಿಸುತ್ತಿದ್ದರು. ಹಾಡೆಲ್ಲ ಇಂಗ್ಲಿಷು. ಗೋಪಾಲಮ್ಮನಿಗೆ ಮದುವೆಯಾದ ಮೇಲೆ ಒಂದು ದಿನ ಆಸೆಯಾಗಿ, ಒಂದಿಷ್ಟು ಬಾರಿಸಿ ಅಂತ ಕೇಳಿದ್ದಳು. ತಂತಿ ಹೋಗಿದೆ ಅಂತ ಅವನು ಗಿಟಾರನ್ನು ಮಂಚದ ಕೆಳಗೆ ತಳ್ಳಿದ್ದ. ಅಂಥವಳು ಬಿಡಿಸಿದವಳಂತೆ. ಶೆಟ್ಟಿಹಳ್ಳಿಗೆ ಬಂದ ಮೇಲೂ ಆ ಮಾತು ಅವಳನ್ನು ಬಿಡಲಿಲ್ಲ. ಹೊಸ ಊರಿನಲ್ಲಿ ಇನ್ನೂ ಮುಖ ಪರಿಚಯವೇ ಆಗಿಲ್ಲ, ಆಗಲೇ ಹೆಸರಿಗೆ ಇಂಥದ್ದೊಂದು ಅಂಟಿಕೊಂಡಿತಲ್ಲ, ಇದನ್ನು ಯಾರು ಹುಟ್ಟಿಸಿದರು, ಇದನ್ನು ಹೇಗೆ ತೊಳೆದುಕೊಳ್ಳುವುದು ಅಂತ ಅವಳಿಗೆ ಚಿಂತೆ.

ಅವಳು ಬಂದು ವಾರ ಕಳೆದಿರಲಿಲ್ಲ, ಬ್ಯಾಂಡಿನವರೇ ಶೆಟ್ಟಿಹಳ್ಳಿಗೆ ಬರುವ ಸುದ್ದಿ ಬಂತು.

ಆಗಿದ್ದೇನೆಂದರೆ, ಲಕ್ಕಣ್ಣ ಶ್ರಾವಣದಿಂದ ಬ್ಯಾಂಡು ಬಿಡುತ್ತೇನೆ ಅಂದಿದ್ದ. ಅವನು ಬಿಟ್ಟರೆ ಮುಂದೆ ನಡೆಯುವುದಿಲ್ಲ. ಅದಕ್ಕೇ ತ್ರಿವಿಕ್ರಮನಿಗೆ, ಒಡೆದು ಹೋಗುವ ಮುಂಚೆ ತಾವು ಕಟ್ಟಿದ ಹಾಡುಗಳದ್ದೇ ಒಂದು ದೊಡ್ಡ ಗ್ರಾಮಫೋನ್ ಪ್ಲೇಟು ಮಾಡಬೇಕೆಂದು ಹಟ ಬಂದಿತ್ತು. ಊರೊಳಗಿನ ಸ್ಟುಡಿಯೋದಲ್ಲಿ ಬೇಕಾದಷ್ಟು ದಿನ ಕೂರಲು ಬಿಡುವುದಿಲ್ಲ. ಆಗ ಲಕ್ಕಣ್ಣನಿಗೆ ಮಾವನ ಹುಳದ ಮನೆ ನೆನಪಾಯಿತು. ದೊಡ್ಡಮುನಿಯಪ್ಪ ರೇಷ್ಮೆ ಹುಳ ಸಾಕುವುದು ಬಿಟ್ಟು, ಹಿಪ್ಪುನೇರಳೆ ಕಿತ್ತು, ದ್ರಾಕ್ಷಿ ಹಾಕಿದ್ದ. ಅಡಿಗೆ ಮನೆಗೆ ಅಂಟಿಕೊಂಡಂತೆ ಕಟ್ಟಿದ ಹುಳದ ಮನೆ ಖಾಲಿ ಬಿದ್ದಿತ್ತು. ಮೊಳದಪ್ಪದ ಮಣ್ಣಿನ ಗೋಡೆ. ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳು ಸುತ್ತಲೂ ಒರಗಿಸಿದಂತೆಯೇ ಇದ್ದವು. ತ್ರಿವಿಕ್ರಮ ಒಂದು ದಿನ ಬಂದು ಒಳಗೆ ನಿಂತು ಚಪ್ಪಾಳೆ ತಟ್ಟಿ ಕಿವಿಗೊಟ್ಟನಂತೆ. ಸದ್ದು ಎದ್ದ ಕಡೆಯೇ ಸಾಯುತ್ತದೆ, ಇದಕ್ಕಿಂತ ಒಳ್ಳೇ ಸ್ಟುಡಿಯೋ ಬೇಡ ಅಂದನಂತೆ.

ದೊಡ್ಡಮುನಿಯಪ್ಪನಿಗೆ ಖುಷಿಯೋ ಖುಷಿ. ಆದರೆ ಗೋಪಾಲಮ್ಮನ ತಾಯಿ ಮುನಿಯಲ್ಲಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಆಷಾಢದಲ್ಲಿ ಅಳಿಯ ಬಂದು ಹಿತ್ತಲಲ್ಲಿ ಕೂತರೆ ಊರು ಏನನ್ನಬೇಕು? ಬ್ಯಾಂಡು ಅಂದರೆ ಅವಳು ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟು ಅಂದುಕೊಂಡಿದ್ದಳು, ಕೆಂಪು ಕೋಟು ಹಾಕದೆ ಇದೆಂಥ ಬ್ಯಾಂಡು ಅಂತ ಬೇರೆ ಅವಳ ತಕರಾರು. ದೊಡ್ಡಮುನಿಯಪ್ಪ ಬೀಡಿ ಸೇದುತ್ತಾ ಒಂದು ದಾರಿ ಹುಡುಕಿದ. ಹುಳದ ಮನೆಗೆ ಹೊಸಿಲೇ ಇರಲಿಲ್ಲ. ತಟ್ಟೆ, ಚಂದ್ರಿಕೆ ಹೊತ್ತುಕೊಂಡು ಓಡಾಡುವಾಗ ಕಾಲಿಗೆ ತಗುಲಬಾರದೆಂದು ಕಟ್ಟುವಾಗಲೇ ಇಟ್ಟಿರಲಿಲ್ಲ. ಅಳಿಯ ಅತ್ತೆ ಮನೆ ಹೊಸಿಲು ದಾಟಬಾರದು ತಾನೇ? ಹೊಸಿಲೇ ಇಲ್ಲದ ಮೇಲೆ ದಾಟಿದ ಹಾಗೆ ಹೇಗಾಗುತ್ತದೆ? ಮುನಿಯಲ್ಲಮ್ಮ ಎದುರು ಮನೆ ಮುದುಕಿಯರನ್ನು ಕೇಳಿದಳು. ಅವರೂ ಯೋಚನೆ ಮಾಡಿ, ಗಂಡ ಹೆಂಡತಿ ಮುಖ ನೋಡದಿದ್ದರೆ ಸರಿ ಅಂದರು. ಹಿತ್ತಲಿಗೂ ಹುಳದ ಮನೆ ಬಾಗಿಲಿಗೂ ನಡುವೆ ಹಳೇ ಸೀರೆಯೊಂದು ಅಡ್ಡ ಬಂತು. ಮಗಳಿಗೆ, ನೀನು ಈ ಕಡೆಯಿಂದ ಕದಲಬೇಡ ಅಂತ ಅಪ್ಪಣೆಯಾಯಿತು.

ಮೆಟಡಾರು ವ್ಯಾನು ಬಂದು ದೊಡ್ಡ ಟೇಪು ಮಿಷನ್ನು, ಡ್ರಮ್ಮು, ಪೆಟ್ಟಿಗೆಗಳು ಇಳಿದವು. ಪಂಪ್‌ಸೆಟ್ಟಿನ ಕಂಬದಿಂದ ಕರೆಂಟು ಎಳೆದರು. ಮೊದಲನೇ ದಿನವೇ ಗೊತ್ತಾಯಿತು, ತೋಟದ ಮೋಟಾರು ಹಾಕಿದರೆ ಟೇಪು ಎಳೆಯುತ್ತದೆ, ಹಾಡು ನಿದ್ದೆಗಣ್ಣಿನಲ್ಲಿ ಹಾಡಿದಂತೆ ಆಗುತ್ತದೆ. ಅವತ್ತಿನಿಂದ ದೊಡ್ಡಮುನಿಯಪ್ಪ ದ್ರಾಕ್ಷಿಗೆ ನೀರು ಬಿಡುವುದಕ್ಕೂ ಟೇಪು ನೋಡಿಕೊಳ್ಳುವ ಸೇತುರಾಮನನ್ನು ಕೇಳಿಕೊಂಡು ಬಿಡುವಂತಾಯಿತು. ನನ್ನ ತೋಟಕ್ಕೆ ಇವನ್ಯಾವನೋ ನೀರುಗಂಟಿ ಆದ ಅಂತ ನಗುತ್ತಿದ್ದ.

ಗೋಪಾಲಮ್ಮ ಗೋಡೆಯ ಈ ಕಡೆ ಅಡಿಗೆ ಮನೆಯಲ್ಲಿ. ಅಷ್ಟು ದಪ್ಪದ ಗೋಡೆ ದಾಟಿ ತ್ರಿವಿಕ್ರಮನ ದನಿ ಬರುತ್ತಿರಲಿಲ್ಲ, ಅವನ ಗಿಟಾರಿನ ಚೀರಾಟವೂ ಡ್ರಮ್ಮಿನ ಬಡಿತವೂ ಅಷ್ಟಕ್ಕಷ್ಟೇ. ದಾಟಿ ಬರುತ್ತಿದ್ದದ್ದು ಗಂಡನ ದಪ್ಪ ತಂತಿಯೊಂದೇ. ಅದು ಕಿವಿಗೆ ಕೇಳುವುದಕ್ಕಿಂತ ಅಂಗಾಲಿಗೆ, ಬೆನ್ನಿಗೆ ತಾಗುತ್ತಿತ್ತು. ಗೋಡೆ ಗೂಡಿನಲ್ಲಿದ್ದ ಕಂಚಿನ ಲೋಟ ಯಾವುದೋ ಒಂದು ಸ್ವರ ಬಂದಾಗ ಮಾತ್ರ ಗುಂಯ್ ಅನ್ನುತ್ತಿತ್ತು. ಒಂದೇ ಹಾಡನ್ನು ಮತ್ತೆ ಮತ್ತೆ ಬಾರಿಸುವರು, ನಿಲ್ಲಿಸುವರು, ಮೊದಲಿಂದ ಹಿಡಿಯುವರು. ದಿನ ಕಳೆದಂತೆ ಅವಳಿಗೆ ಎಲ್ಲಿ ಏಳುತ್ತದೆ, ಎಲ್ಲಿ ಇಳಿಯುತ್ತದೆ ಅನ್ನುವುದು ಬಾಯಿಪಾಠವಾಯಿತು. ರಾಗಿ ಹಿಟ್ಟು ಜರಡಿ ಹಿಡಿಯುವಾಗ ಕೈ ತಾನಾಗಿಯೇ ಆ ಲೆಕ್ಕಕ್ಕೆ ಆಡುವುದು. "ಏನೇ, ಗಂಡನ ವಾಲಗಕ್ಕೆ ಜರಡಿ ಕುಣಿಸ್ತಾ ಇದೀಯ, ಇಟ್ಟೆಲ್ಲ ಚೆಲ್ತು" ಅಂತ ಮುನಿಯಲ್ಲಮ್ಮ ಅಣಕಿಸಿದಳು. ಇಷ್ಟು ಚೆನ್ನಾಗಿ ಬಾರಿಸುವವನು ಯಾಕೆ ಬಿಡುತ್ತಾನೆ ಅನ್ನುವುದು ಮಾತ್ರ ಗೋಪಾಲಮ್ಮನಿಗೆ ತಿಳಿಯಲಿಲ್ಲ.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಆ ಕಡೆ ಸದ್ದೆಲ್ಲ ನಿಂತಿತು. ಗೋಡೆಯ ಮೇಲ್ಗಡೆ ಗಾಳಿಗೆ ಬಿಟ್ಟಿದ್ದ ಕಿಂಡಿಗೆ ಹಾಡುವಾಗ ತುರುಕುತ್ತಿದ್ದ ಗೋಣಿಚೀಲವನ್ನು ಸೆಖೆಗೆ ಕಿತ್ತರು, ಅಲ್ಲಿಂದ ಮೂವರ ಮಾತು ಇಳಿದು ಬಂತು. ಹಾಡು ಇಂಗ್ಲಿಷಾದರೆ ಏನು, ಜಗಳ ಕನ್ನಡವೇ.

ತ್ರಿವಿಕ್ರಮ ಬೇಡಿಕೊಳ್ಳುವವನ ಹಾಗೆ ಮಾತಾಡುತ್ತಿದ್ದ. ಈ ಟೇಪು ತಗೊಂಡು ಮೂವರೂ ಬಾಂಬೆಗೆ ಹೋಗೋಣ, ಇನ್ನೆರಡು ವರ್ಷ ನೋಡೋಣ, ಆಮೇಲೆ ನಿನ್ನಿಷ್ಟ ಅಂದ.

"ನಂಗೇನು ಆಸೆ ಇಲ್ವಾ ಮಗಾ" ಅಂದ ಲಕ್ಕಣ್ಣ. "ನಮ್ಮ ಮಾವನೋರು ಮದುವೆಗೆ ಮುಂಚೆನೇ ಮಾತು ತಗೊಂಡ್ಬಿಟ್ಟಿದಾರೆ. ಇನ್ನು ಅವಳು, ನಾನು ಗಿಟಾರ್ ಮುಟ್ಟಿದ್ರೆ ಸಾಕು, ಅಳ್ತಾ ಕೂತ್ಕೋತಾಳೆ. ಏನ್ ಮಾಡ್ಲಿ ಹೇಳು."

"ಅವರ ಮನೇಲೇ ಕೂತ್ಕೊಂಡು ಅವರ ಮೇಲೇ ಹೇಳ್ತೀಯಲ್ಲೋ, ಮೆತ್ತಗೆ ಮಾತಾಡು" ಅಂತ ಸೇತುರಾಮ ನಕ್ಕ.

ಗೋಪಾಲಮ್ಮನ ಕೈ ಹಿಟ್ಟಿನಲ್ಲೇ ನಿಂತಿತು. ಯಾರು ಹುಟ್ಟಿಸಿದ ಮಾತೆಂದು ಅಲ್ಲಿಗೆ ಗೊತ್ತಾಯಿತು. ಸಿಟ್ಟು ಬಂತು, ಆದರೆ ಅದಕ್ಕಿಂತ ಹೆಚ್ಚಾಗಿ ಆಶ್ಚರ್ಯ. ಅಳುವುದೆಂದರೆ ಅವಳಿಗೆ ಸುಲಭಕ್ಕೆ ಬರುವುದೇ ಅಲ್ಲ, ಮದುವೆ ದಿನ ಕಳಿಸಿಕೊಡುವಾಗಲೂ ಅಮ್ಮ ತಿವಿದ ಮೇಲೇ ಎರಡು ಹನಿ ಬಂದದ್ದು.

ಸಂಜೆ ಅಪ್ಪ ಕೈಕಾಲು ತೊಳೆಯುವಾಗ ಚೆಂಬು ಹಿಡಿದುಕೊಂಡು ನಿಂತು ಕೇಳಿದಳು, ಗಿಟಾರು ಬಿಡಬೇಕು ಅಂತ ಅಳಿಯನ ಹತ್ತಿರ ಏನಾದರೂ ಮಾತು ತೆಗೆದುಕೊಂಡಿದ್ದೆಯಾ ಅಂತ. ದೊಡ್ಡಮುನಿಯಪ್ಪ ಮುಖಕ್ಕೆ ನೀರೆರಚಿಕೊಂಡು, "ನಾನ್ಯಾಕಂಗಂತೀನಿ? ನನ್ನಳಿಯ ಇಂಗ್ಲಿಷ್ ವಾದ್ಯ ಬಾರಿಸ್ತಾನೆ ಅಂತ ಬಾಗಲಗುಂಟೆ ಗಂಟ ಏಳ್ಕೊಂಡು ತಿರುಗ್ತಾ ಇವ್ನಿ" ಅಂದ. ಯಾಕೆ ಕೇಳಿದೆ ಅಂದದ್ದಕ್ಕೆ ಸುಮ್ಮನೆ ಅಂದಳು.

ಆಮೇಲೆ ಅವಳು ಬಹಳ ಯೋಚನೆ ಮಾಡಿದಳು. ಗಂಡನ ಜೊತೆ ಇದ್ದದ್ದು ಕೆಲವೇ ವಾರ, ಆದರೂ ಒಂದೆರಡು ವಿಷಯ ಅವಳ ಕಣ್ಣಿಗೆ ಬಿದ್ದಿದ್ದವು. ಸಂಜೆ ತ್ರಿವಿಕ್ರಮನ ಸ್ಕೂಟರಿನ ಸದ್ದು ಬೀದಿಯಲ್ಲಿ ಕೇಳಿದರೆ ಲಕ್ಕಣ್ಣನ ಮುಖ ಬಾಡುತ್ತಿತ್ತು, ಆದರೂ ಎದ್ದು ಹೋಗುತ್ತಿದ್ದ. ಡಿಪೋದಲ್ಲಿ ಸೌದೆ ಗಾಡಿಯವರ ಜೊತೆ ಕೂತು ಹರಟುವಾಗ ಇರುವ ಗೆಲುವು ಬ್ಯಾಂಡಿಗೆ ಹೊರಡುವಾಗ ಇರುತ್ತಿರಲಿಲ್ಲ. ಅವನಿಗೆ ಸಾಕಾಗಿತ್ತು, ಅಷ್ಟೇ. ಕೈಗೆ ಬರುತ್ತಿತ್ತು, ಮನಸ್ಸು ಅಲ್ಲಿರಲಿಲ್ಲ. ಅದನ್ನು ತ್ರಿವಿಕ್ರಮನಿಗೆ ಹೇಳಲು ಬಾಯಿ ಇರಲಿಲ್ಲ. ಗಿಟಾರು ಹಿಡಿಯುವುದು ಕಲಿಸಿದವನು ತ್ರಿವಿಕ್ರಮ, ಅವನ ತಾಯಿ ಕೌಸಲ್ಯಮ್ಮ ತಮ್ಮ ಮಗನಿಗಿಟ್ಟಂತೆ ಇವನಿಗೂ ತಟ್ಟೆ ಇಟ್ಟವರು. ಅಂಥವರ ಮುಂದೆ ನನಗೆ ಬೇಡ ಅನ್ನುವುದು ಹೇಗೆ? ಮಾವನ ಮನೆಯವರ ಮೇಲೆ ಹಾಕಿದರೆ ಯಾರ ಮನಸ್ಸೂ ನೋಯುವುದಿಲ್ಲ ಅಂದುಕೊಂಡಿದ್ದ. ಹೆಂಡತಿಯ ಮನಸ್ಸು ಅವನ ಲೆಕ್ಕದಲ್ಲಿ ಬಂದಿರಲಿಲ್ಲ.

ಕೊನೆಯ ಹಾಡು ಮುಗಿದ ದಿನ ದೊಡ್ಡಮುನಿಯಪ್ಪ ಮೂವರಿಗೂ ಊಟ ಹಾಕಿಸಿದ. ಒಳಗೆ ಕರೆಯುವಂತಿಲ್ಲ, ಜಗಲಿಯ ಮೇಲೆ ಎಲೆ ಹಾಕಿದರು. ಮುದ್ದೆ, ಹುರುಳಿಕಾಳಿನ ಬಸ್ಸಾರು. ತ್ರಿವಿಕ್ರಮ ಮುದ್ದೆಯನ್ನು ಅಗಿಯುತ್ತಾ ಕೂತಿದ್ದ. "ಅದನ್ನ ನುಂಗ್ಬೇಕು ಸ್ವಾಮಿ, ಎಲೆಯಡಿಕೆ ಅಲ್ಲ ಅದು" ಅಂತ ಮುನಿಯಲ್ಲಮ್ಮ ಬಡಿಸುತ್ತಲೇ ಹೇಳಿದಳು. ಸೇತುರಾಮ ಎರಡನೇ ಮುದ್ದೆಗೆ ಕೈ ಹಾಕಿದ. ಗೋಪಾಲಮ್ಮ ಬಾಗಿಲ ಹಿಂದೆ, ಕದ ಅರ್ಧ ಮುಚ್ಚಿಕೊಂಡು, ಸಾರಿನ ಪಾತ್ರೆ ಅಮ್ಮನಿಗೆ ಕೊಡುತ್ತಾ ನಿಂತಿದ್ದಳು.

ತ್ರಿವಿಕ್ರಮ ಊಟ ಬಿಟ್ಟು ದೊಡ್ಡಮುನಿಯಪ್ಪನ ಕಡೆ ತಿರುಗಿದ. "ಯಜಮಾನ್ರೇ, ನಿಮ್ಮನ್ನ ಒಂದು ಮಾತು ಕೇಳ್ಕೋತೀನಿ. ಲಕ್ಕೀನ ಇನ್ನೆರಡು ವರ್ಷ ನಮ್ಮ ಜೊತೆ ಬಿಡಿ. ನೀವು ಬೇಡ ಅಂದಿದೀರಿ ಅಂತ ಗೊತ್ತು. ನಿಮ್ಮ ಕಾಲು ಬೇಕಾದ್ರೂ ಹಿಡೀತೀನಿ."

ಲಕ್ಕಣ್ಣ ತಲೆ ಎತ್ತಲಿಲ್ಲ. ದೊಡ್ಡಮುನಿಯಪ್ಪ ಕೈಯ ತುತ್ತನ್ನು ಹಾಗೇ ಹಿಡಿದುಕೊಂಡು, "ನಾನಾ? ನಾನೆಲ್ಲಿ..." ಅಂತ ಬಾಯಿ ತೆಗೆದ.

ಅಪ್ಪ ಆ ಮಾತು ಮುಗಿಸಿದ್ದರೆ ಗೋಪಾಲಮ್ಮನ ಹೆಸರು ಅಲ್ಲೇ ತೊಳೆದು ಹೋಗುತ್ತಿತ್ತು. ಆದರೆ ಮಾವನ ಮನೆ ಜಗಲಿ ಮೇಲೆ, ಅತ್ತೆ ಬಡಿಸುತ್ತಾ ಇರುವಾಗ, ಜೊತೆಗಾರರ ಎದುರಿಗೆ, ಮದುವೆಯಾದ ಮೂರು ತಿಂಗಳಿಗೆ ಗಂಡ ಸುಳ್ಳುಗಾರ ಅನ್ನಿಸಿಕೊಳ್ಳುತ್ತಿದ್ದ. ಅದನ್ನು ನೋಡುವುದು ಅವಳ ಕೈಲಾಗಲಿಲ್ಲ.

"ಅಪ್ಪ ಅಲ್ಲ, ನಾನು" ಅಂದಳು ಕದದ ಹಿಂದಿನಿಂದ. "ಬ್ಯಾಡ ಅಂದೋಳು ನಾನೇ. ಅಪ್ಪನ್ನ ಕೇಳ್ಬೇಡಿ."

ದೊಡ್ಡಮುನಿಯಪ್ಪ ದಡ್ಡನಲ್ಲ. ಮಗಳು ಚೆಂಬು ಹಿಡಿದುಕೊಂಡು ಕೇಳಿದ ಮಾತು ಅವನಿಗೆ ಹೊಳೆಯಿತು. ಅಳಿಯನ ಬಗ್ಗಿದ ತಲೆಯನ್ನೊಮ್ಮೆ ನೋಡಿದ, ತುತ್ತು ಬಾಯಿಗಿಟ್ಟುಕೊಂಡ. ತ್ರಿವಿಕ್ರಮ ಕದದ ಕಡೆ ನೋಡಿ, "ಆಯ್ತಮ್ಮಾ, ನಿಮ್ಮಿಷ್ಟ" ಅಂದು ಎಲೆ ಮಡಚಿದ. ಸಾಯಂಕಾಲ ಮೆಟಡಾರು ಹೊರಟು ಹೋಯಿತು. ಗಂಡನ ಕೈಲಿ ಗಿಟಾರು ಬಿಡಿಸುವಂಥದ್ದು ನಿನಗೇನಾಗಿತ್ತು ಅಂತ ಮುನಿಯಲ್ಲಮ್ಮ ಮಗಳಿಗೆ ಬೈದದ್ದೇ ಬೈದದ್ದು. ಗೋಪಾಲಮ್ಮ ಬೈಸಿಕೊಂಡಳು.

ಶ್ರಾವಣ ಬಂತು. ಲಕ್ಕಣ್ಣ ಹೂವು, ಸ್ವೀಟಿನ ಪೊಟ್ಟಣ ಹಿಡಿದುಕೊಂಡು ಹೆಂಡತಿಯನ್ನು ಕರೆದೊಯ್ಯಲು ಬಂದ, ಈ ಸಲ ಹೊಸಿಲು ದಾಟಿಯೇ ಒಳಗೆ ಬಂದ. ಗೋಪಾಲಮ್ಮ ಅವನ ಮುಂದೆ ಕಾಫಿ ಇಟ್ಟು ಕೂತಳು. ಅವನೇ ಶುರು ಮಾಡಿದ, ಅವತ್ತು ನೀನು ಹಂಗಂದಿದ್ದು ಅಂತ. ಅವಳು ಮಧ್ಯೆ ತಡೆದಳು.

"ಅವತ್ತು ನಿಮ್ಮ ಮಾನ ನಾನು ಕಾದೆ. ನನ್ನ ಮಾನ ನೀವು ಕಾಯ್ಬೇಕು. ಅವರ ತಾವ ಓಗಿ ಇದ್ದದ್ದು ಇದ್ದಂಗೆ ಏಳಿ. ಇವತ್ತೇ ಅನ್ನಲ್ಲ. ಏಳೋಗಂಟ ನಾನು ಕಾಯ್ತೀನಿ."

ಲಕ್ಕಣ್ಣ ಹೇಳ್ತೀನಿ ಅಂದ. ಅವಳು ಟ್ರಂಕು ಎತ್ತಿಕೊಂಡು ಅವನ ಜೊತೆ ಹೊರಟಳು.

ಹೇಳುವುದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ದೀಪಾವಳಿಯ ಹೊತ್ತಿಗೆ ಪ್ಲೇಟು ಅಚ್ಚಾಗಿ ಬಂತು. ತ್ರಿವಿಕ್ರಮ ತಾನು ಬರದೆ ಸೇತುರಾಮನ ಕೈಲಿ ಒಂದು ಕಳಿಸಿದ. ಮನೆಯಲ್ಲಿ ಹಾಕುವ ಮಿಷನ್ನಿಲ್ಲ, ಪಂಕಜಮ್ಮನ ಮನೆಗೆ ಹೋಗಿ ಕೇಳಿದರು. ಗೋಪಾಲಮ್ಮ ಕಾದು ಕೂತಳು. ಸಣ್ಣ ಮಿಷನ್ನು, ಅದರಲ್ಲಿ ತ್ರಿವಿಕ್ರಮನ ದನಿಯೇ ದನಿ, ದಪ್ಪ ತಂತಿ ಎಲ್ಲೋ ನೆಲಮಾಳಿಗೆಯಲ್ಲಿ ಗೊಣಗುಟ್ಟಿದಂತೆ. "ಇದಲ್ಲ ನಾನು ಕೇಳಿದ್ದು" ಅಂದಳು. ಪಂಕಜಮ್ಮ ನಕ್ಕು, "ಅಷ್ಟೊಂದು ಇಷ್ಟ ಇದ್ದೋಳು ಯಾಕಮ್ಮಾ ಬಿಡಿಸ್ದೆ?" ಅಂದರು. ಗೋಪಾಲಮ್ಮ ತಿರುಗಿ ಗಂಡನನ್ನು ನೋಡಿದಳು. ಅವನು ಪ್ಲೇಟಿನ ರಟ್ಟನ್ನು ಹಿಂದೆ ಮುಂದೆ ತಿರುಗಿಸಿದ.

ಹಾಗೇ ನಡೆಯಿತು. ಅವಳು ಒಂದು ದಿನವೂ ಹೇಳಿದಿರಾ ಅಂತ ಕೇಳಲಿಲ್ಲ, ಮುನಿಸಿಕೊಳ್ಳಲಿಲ್ಲ, ಅಡಿಗೆಯಲ್ಲಿ ಉಪ್ಪು ಹೆಚ್ಚು ಮಾಡಲಿಲ್ಲ. ಮಗಳು ಹುಟ್ಟಿದಳು, ನಾಗಮಣಿ ಅಂತ ಹೆಸರಿಟ್ಟರು. ಲಕ್ಕಣ್ಣ ಡಿಪೋದಲ್ಲಿ ಗೆಲುವಾಗಿದ್ದ. ಆದರೆ ಹಳೇ ಪರಿಚಯದವರು ಯಾರಾದರೂ ಬಂದು, ಓ ಇವರೇನಾ ಬ್ಯಾಂಡು ನಿಲ್ಲಿಸಿದವರು ಅಂತ ತಮಾಷೆ ಮಾಡಿದಾಗೆಲ್ಲ ಗೋಪಾಲಮ್ಮ ಗಂಡನ ಕಡೆ ಒಂದು ಸಲ ತಿರುಗುವಳು, ಅಷ್ಟೇ. ಸೌದೆ ಗಾಡಿಯವರ ಬಾಯಿಗೆ ಹೆದರದವನು ಆ ನೋಟಕ್ಕೆ ಹೆದರುತ್ತಿದ್ದ.

ಎಂಬತ್ತನೇ ಇಸವಿಯಲ್ಲಿ ಸೇತುರಾಮನ ಮದುವೆ, ಹೆಬ್ಬಾಳದ ಹತ್ತಿರದ ಛತ್ರದಲ್ಲಿ. ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಇಬ್ಬರೂ ಹೋದರು. ಊಟದ ಪಂಕ್ತಿಯಲ್ಲಿ ಎದುರು ಸಾಲಿಗೆ ತ್ರಿವಿಕ್ರಮ, ಅವನ ಪಕ್ಕ ಅವನ ತಾಯಿ ಕೌಸಲ್ಯಮ್ಮ. ತ್ರಿವಿಕ್ರಮ ಇವರನ್ನು ನೋಡಿ ತಲೆ ಆಡಿಸಿ ಎಲೆಯ ಕಡೆ ತಿರುಗಿದ. ಕೌಸಲ್ಯಮ್ಮನಿಗೆ ಮನಸ್ಸಿನಲ್ಲಿದ್ದದ್ದು ತಡೆಯಲಾಗಲಿಲ್ಲ. "ಚೆನ್ನಾಗಿದೀಯೇನಮ್ಮಾ? ನನ್ನ ಮಗ ನಿನ್ನ ಹೆಸರು ಎತ್ತದ ದಿನ ಇಲ್ಲ. ಎಷ್ಟು ವರ್ಷ ಕಟ್ಟಿದ್ದ ಅವನು, ಒಂದು ಮಾತಲ್ಲಿ ಮುರಿದುಬಿಟ್ಟೆಯಲ್ಲ" ಅಂದರು. ಬೈಗುಳವೇನಲ್ಲ, ನೊಂದ ದನಿ. ಅಕ್ಕಪಕ್ಕದವರು ಕೈ ನಿಲ್ಲಿಸಿ ನೋಡಿದರು.

ಗೋಪಾಲಮ್ಮ ಈ ಸಲ ಗಂಡನ ಕಡೆ ತಿರುಗಲಿಲ್ಲ. ಎಲೆಯನ್ನೇ ನೋಡುತ್ತಾ ಕೂತಳು. ಎರಡು ವರ್ಷ ಕಾದದ್ದು ಸಾಕಾಗಿತ್ತೋ ಏನೋ.

ಅವಳು ನೋಡದಿದ್ದದ್ದನ್ನೇ ಲಕ್ಕಣ್ಣನಿಗೆ ತಡೆಯಲಾಗಲಿಲ್ಲ.

"ಅಮ್ಮಾ, ಅವಳಲ್ಲ" ಅಂದ. ದನಿ ಅವನೇ ಅಂದುಕೊಂಡದ್ದಕ್ಕಿಂತ ದೊಡ್ಡದಾಯಿತು. "ಅವಳು ಏನೂ ಅಂದಿರ್ಲಿಲ್ಲ. ಮಾವನೋರೂ ಅಂದಿರ್ಲಿಲ್ಲ. ನನಗೇ ಸಾಕಾಗಿತ್ತು. ತ್ರಿವಿಕ್ರಮನ ಮುಖ ನೋಡ್ಕೊಂಡು ಹೇಳೋಕೆ ಧೈರ್ಯ ಇರ್ಲಿಲ್ಲ. ಅವಳ ಮೇಲೆ ಹಾಕ್ದೆ. ಅವಳಿಗೆ ಗೊತ್ತಾಗಿ, ನನಗೆ ಅವಮಾನ ಆಗ್ಬಾರ್ದು ಅಂತ ಅವತ್ತು ತಾನೇ ಹೊತ್ಕೊಂಡ್ಲು."

ಬಡಿಸುವವನು ಪಾಯಸದ ಬಕೆಟ್ಟು ಹಿಡಿದು ಅಲ್ಲೇ ನಿಂತುಬಿಟ್ಟಿದ್ದ. ತ್ರಿವಿಕ್ರಮ ಲಕ್ಕಣ್ಣನ ಕಡೆ ತಿರುಗಿ, "ನನಗೆ ಹೇಳಿದ್ರೆ ಹೊಡೀತಿದ್ನೇನೋ?" ಅಂದ.

"ಹೊಡೆದಿದ್ರೆ ಹೇಳ್ಬೋದಿತ್ತು. ನೀನು ಬೇಜಾರು ಮಾಡ್ಕೋತಿದ್ದೆ" ಅಂದ ಲಕ್ಕಣ್ಣ.

ತ್ರಿವಿಕ್ರಮನಿಗೆ ಬೇಜಾರು ಈಗಲೂ ಇತ್ತು, ಮುಖದಲ್ಲೇ ಕಾಣುತ್ತಿತ್ತು. ಆದರೆ ಅದು ಹೋಗಬೇಕಾದ ಕಡೆ ಹೋಗಿತ್ತು. ಅವನು ಗೋಪಾಲಮ್ಮನ ಕಡೆ ತಿರುಗಿ, "ಎರಡು ವರ್ಷ ನಿಮ್ಮನ್ನ ಬೈಕೊಂಡು ತಿರುಗಿದೀನಿ ಕಣಮ್ಮಾ" ಅಂದ.

"ಬೈದಿದ್ದು ಯಾರಿಗೆ ತಗುಲಬೇಕಿತ್ತೋ ಅವರಿಗೇ ತಗುಲಿರ್ತದೆ, ನನ್ನ ಪಕ್ಕದಲ್ಲೇ ಇದ್ರಲ್ಲ" ಅಂದಳು ಗೋಪಾಲಮ್ಮ. "ಪಾಯ್ಸ ಆರೋಗ್ತದೆ, ಉಣ್ಣಿ."

ಕೌಸಲ್ಯಮ್ಮ ಮೊದಲು ನಕ್ಕರು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಕೈ ತೊಳೆದು ಬಂದವರೇ ಗೋಪಾಲಮ್ಮನ ಕೈ ಹಿಡಿದು, ಮುಂದಿನ ಶುಕ್ರವಾರ ಮಗೂನ ಕರ್ಕೊಂಡು ಮನೆಗೆ ಬಾ, ಅರಿಶಿನ ಕುಂಕುಮ ತಗೊಂಡು ಹೋಗು ಅಂದರು. ಬರ್ತೀನಿ ಅಂದಳು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತು. ಲಕ್ಕಣ್ಣ ಏನೋ ಹೇಳಬೇಕೆಂದು ಗಂಟಲು ಸರಿಮಾಡಿಕೊಂಡು ಪಕ್ಕಕ್ಕೆ ತಿರುಗಿದ. ಗೋಪಾಲಮ್ಮ ಕಿಟಕಿಯ ಕಂಬಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಎದ್ದದ್ದು ಅವನು ಯಶವಂತಪುರ ಬಂತು ಅಂತ ಭುಜ ಅಲುಗಿಸಿದ ಮೇಲೆಯೇ.